ಊರಿನ ದೊಡ್ಡ ಕೋಣೆ

ಹಸಿರು ಗುಮ್ಮಟ, ಇಷ್ಟು ದೊಡ್ಡದು, ಕಾಲುವೆಯ ಆಚೆ ದಡದಲ್ಲಿ, ಕಣ್ಣೆದುರಿಗೇ — ಇದು ಯಾವಾಗ ಬಂತು ಇಲ್ಲಿ, ಮೊದಲು ಇರಲಿಲ್ಲವಲ್ಲ, ಎಂದುಕೊಂಡಳು ತೆಕ್ಲಾ, ಆದರೆ ಗುಮ್ಮಟದ ತಾಮ್ರಕ್ಕೆ ಎಷ್ಟೋ ವರ್ಷದ ಕಿಲುಬು ಹಿಡಿದಿದೆ, ನಿನ್ನೆ ಮೊನ್ನೆ ಕಟ್ಟಿದ್ದಲ್ಲ, ಅಂದರೆ ಒಂಬತ್ತು ವರ್ಷ ಇದೇ ವೆನಿಸ್ ನಿಲ್ದಾಣದ ಇದೇ ಮೆಟ್ಟಿಲು ಹತ್ತಿ ಇಳಿದವಳು ಒಂದು ಸಲವೂ ತಲೆ ಎತ್ತಿ ನೋಡಿಲ್ಲ, ಭಾನುವಾರ ಸಂಜೆ ರೈಲು ಇಳಿದರೆ ಎಡಕ್ಕೆ ಓಟ, ದೋಣಿ ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು, ಕಾದರೆ ಆರು ಗಂಟೆ ಮೀರುತ್ತದೆ, ಆರು ಮೀರಿದರೆ ತಾನು ನೋಡಿಕೊಳ್ಳುತ್ತಿದ್ದ ಓರ್ಸೊಲಾ ಅಜ್ಜಿ ಕಿಟಕಿಯಲ್ಲಿ ಕೂತು ಬೀದಿಗೆಲ್ಲ ಕೇಳುವ ಹಾಗೆ ತೆಕ್ಲಾ ಸತ್ತಳು, ತೆಕ್ಲಾ ನೀರಿಗೆ ಬಿದ್ದಳು ಎಂದು ಶುರು ಮಾಡುತ್ತಾಳೆ, ನೆಲ ನೋಡಿಕೊಂಡು ಓಡುವವಳಿಗೆ ಗುಮ್ಮಟ ಎಲ್ಲಿಂದ ಕಾಣಬೇಕು. ಅಮ್ಮಾ, ಯಾಕೆ ನಿಂತ್‌ಬಿಟ್ರಿ, ಎನ್ನುತ್ತಿದ್ದಾಳೆ ಮಗಳು ಡೊರಿನಾ ಬೆನ್ನ ಹಿಂದೆ, ಇವತ್ತು ನೀವೇ ನಮ್ಮ ಗೈಡು, ನಾನಂತೂ ಫೋನಲ್ಲಿ ಮ್ಯಾಪ್ ತೆಗೆಯಲ್ಲ, ನಿಮ್ಮ ಮನೆ ಅಂಗಳ ಇದ್ದಂಗಲ್ವಾ ಈ ಊರು, ನಡೀರಿ — ನಡೀರಿ, ನೀವು, ತೆಕ್ಲಾ ಮೊಲ್ಡೋವಾದ ತನ್ನ ಹಳ್ಳಿಗೆ ಮರಳಿ ಹನ್ನೊಂದು ವರ್ಷವಾಯಿತು, ಅವತ್ತಿನಿಂದ ಮಗಳ ಬಾಯಲ್ಲಿ ಇದೇ ಮರ್ಯಾದೆ, ಬಂದ ನೆಂಟರಿಗೆ ಮಣೆ ಹಾಕಿದ ಹಾಗೆ, ಒರಟಿಲ್ಲ, ಕೊಂಕಿಲ್ಲ, ಆದರೆ ಮಣೆಯ ಮೇಲೆ ಕೂತವರು ಎದ್ದು ಒಲೆಯ ಹತ್ತಿರ ಹೋಗುವಂತಿಲ್ಲ. ಗಂಡ ಸಾವಾ ಹೆಗಲ ಚೀಲ ಸರಿಮಾಡಿಕೊಂಡ, ಅದರೊಳಗೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆಯ ವೈನು ಗುಳುಗುಳು ಅಂದಿತು, ಆರು ವರ್ಷದ ಮೊಮ್ಮಗಳು ಇಲಿಂಕಾ ತಾತನ ಬೆರಳು ಹಿಡಿದು ನೀರನ್ನೇ ನೋಡುತ್ತಿದ್ದಾಳೆ, ಏನೇ ತೆಕ್ಲಾ, ಎಂದ ಸಾವಾ, ರಸ್ತೆಗೆಲ್ಲ ನೀರು ಬಿಟ್ಟು ಮಲಗಿದಾರಲ್ಲ ನಿಮ್ಮೋರು, ನಲ್ಲಿ ನಿಲ್ಸೋರು ಯಾರೂ ಇಲ್ವಾ. ನಗಬೇಕು, ತೆಕ್ಲಾ ನಕ್ಕಳು, ಅಮ್ಮನಿಗೆ ಅರವತ್ತು ತುಂಬಿತೆಂದು ಮಗಳು ತನ್ನ ನರ್ಸ್ ಕೆಲಸದ ರಜೆಯನ್ನೆಲ್ಲ ಕೂಡಿಸಿ ಎಲ್ಲರನ್ನೂ ವಿಮಾನ ಹತ್ತಿಸಿದ್ದಾಳೆ, ಅಳಿಯನಿಗೆ ಬಿಡುವಾಗಲಿಲ್ಲ, ಪಾಪ, ಇದಕ್ಕಿಂತ ದೊಡ್ಡ ಉಡುಗೊರೆ ಯಾವ ತಾಯಿಗೆ ಸಿಕ್ಕಿದೆ, ದೇವರು ದೊಡ್ಡವನು, ಆದರೆ ಉಡುಗೊರೆಯೊಳಗೆ ಒಂದು ಮುಳ್ಳಿದೆ, ಅದು ತಾನೇ ಇಟ್ಟ ಮುಳ್ಳು — ಒಂಬತ್ತು ವರ್ಷ ಪ್ರತಿ ಭಾನುವಾರ ಫೋನಿನಲ್ಲಿ ಈ ಊರನ್ನು ಕಲ್ಲು ಕಲ್ಲಾಗಿ ಬಣ್ಣಿಸಿದ ತೆಕ್ಲಾ ಈ ಊರನ್ನು ನೋಡಿಯೇ ಇಲ್ಲ, ಲೋಕವೆಲ್ಲ ಬಂದು ನೋಡುವ ಆ ದೊಡ್ಡ ಚೌಕದಲ್ಲಿ ಒಂದು ದಿನವೂ ಕಾಲಿಟ್ಟಿಲ್ಲ, ಇದು ಮಗಳಿಗೆ ಗೊತ್ತಿಲ್ಲ, ಇವತ್ತು ಗೊತ್ತಾದರೆ ಹನ್ನೊಂದು ವರ್ಷದಲ್ಲಿ ಒಂದೊಂದೇ ಹೊಲಿಗೆ ಹಾಕಿ ಕೂಡಿಸಿಕೊಂಡದ್ದು ಮತ್ತೆ ಬಿಚ್ಚಿಹೋಗುತ್ತದೆ, ಅಮ್ಮ ಅದೆಲ್ಲ ಸುಳ್ಳೇ ಹೇಳಿದ್ದಳು ಎಂದಾಗುತ್ತದೆ.

ನಡೆದಳು, ನಡೆಯದೆ ಏನು ಮಾಡುವುದು, ಗೋಡೆಗಳ ಮೇಲೆ ಹಳದಿ ಫಲಕಗಳಿದ್ದವು, ಚೌಕಕ್ಕೆ ಈ ಕಡೆ ಎಂದು ಬಾಣ ಬರೆದಿತ್ತು, ಬರೆಸಿದವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿ, ಅವನ್ನು ಓರೆಗಣ್ಣಿನಲ್ಲಿ ಓದಿಕೊಳ್ಳುತ್ತ, ಇಲ್ಲೇ ಹುಟ್ಟಿ ಬೆಳೆದವಳ ಹಾಗೆ ಕೈಬೀಸಿ ನಡೆದಳು, ಒಂದು ಸೇತುವೆ, ಹದಿನಾರು ಮೆಟ್ಟಿಲು, ಎರಡು ಚಕ್ರದ ಸಂತೆಚೀಲ ಎಳೆಯುವವರಿಗೆ ಕಷ್ಟ, ಮೆಟ್ಟಿಲಿನ ಅಂಚು ಎತ್ತರ — ಏನೇ ಗೊಣಗ್ತಿದೀಯ, ಎಂದ ಸಾವಾ, ಏನಿಲ್ಲ ಕಣೋ, ಅಗೋ ಹಸಿರು ಶಿಲುಬೆ ದೀಪ ಉರೀತಿದೆಯಲ್ಲ, ಅದು ಔಷಧಿ ಅಂಗಡಿ, ಒಂದ್ಸಲ ಅಜ್ಜಿ ಕಣ್ಣಿಗೆ ಹಾಕೋ ಹನಿ ಎಲ್ಲೂ ಸಿಗದೆ ಇಲ್ಲಿವರೆಗೂ ಓಡಿ ಬಂದಿದ್ದೆ, ಸಾವಾ ಹೋ ಎಂದು ನಕ್ಕ, ಲೋಕದೋರೆಲ್ಲ ಇಲ್ಲಿಗೆ ಅರಮನೆ ನೋಡಕ್ಕೆ ಬರ್ತಾರೆ, ನೀನು ಔಷಧಿ ಅಂಗಡಿ ತೋರಿಸ್ತೀಯಲ್ಲೇ. ಡೊರಿನಾ ನಗಲಿಲ್ಲ, ಅಮ್ಮನ ಮುಖವನ್ನು ಒಮ್ಮೆ ನೋಡಿದಳು, ನರ್ಸ್ ಕಣ್ಣು ಅದು, ಜ್ವರ ಇಲ್ಲ ಎನ್ನುವವರ ಹಣೆಯನ್ನೇ ಮುಟ್ಟಿ ನೋಡುವ ಕಣ್ಣು. ತೆಕ್ಲಾ ಮುಂದೆ ಮುಂದೆ ಹೋದಳು, ಎಷ್ಟು ಚೆಂದ ಇದೆ ಇದೆಲ್ಲ, ಅಯ್ಯೋ, ಕಿಟಕಿಯ ಕೆಳಗೆ ಕೆಂಪು ಹೂವಿನ ಕುಂಡ, ಕೆಂಪು ಹೂವಿನ ಕೆಳಗೆ ಹಸಿರು ನೀರು, ನೀರಿನ ಬೆಳಕು ಸೇತುವೆಯ ಹೊಟ್ಟೆಯ ಮೇಲೆ ಆಡುತ್ತಿದೆ, ಕ್ಯಾಲೆಂಡರಿನಲ್ಲಿ ಈ ಆಟ ಇರಲಿಲ್ಲ — ಓರ್ಸೊಲಾಳ ಅಡುಗೆಮನೆಯ ಗೋಡೆಯಲ್ಲಿ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ತಿಂಗಳಿಗೊಂದು ಚಿತ್ರ, ವರ್ಷ ತೀರಿದರೂ ತೆಕ್ಲಾ ಅದನ್ನು ಮೊಳೆಯಿಂದ ಇಳಿಸಲಿಲ್ಲ, ಜನವರಿ ಎಂದರೆ ಚಿನ್ನದ ಚರ್ಚು, ಮಾರ್ಚಿ ಎಂದರೆ ಚರ್ಚಿನ ನೆತ್ತಿಯ ನಾಲ್ಕು ಕುದುರೆ, ಆಗಸ್ಟು ಎಂದರೆ ಗಡಿಯಾರದ ಗೋಪುರದ ಮೇಲೆ ನಿಂತು ಗಂಟೆ ಹೊಡೆಯುವ ಇಬ್ಬರು ಕಂಚಿನ ದೈತ್ಯರು, ಭಾನುವಾರ ಮಗಳಿಗೆ ಫೋನ್ ಮಾಡುವ ಮುಂಚೆ ಒಂದು ಹಾಳೆ ತಿರುಗಿಸಿ ನೋಡಿಕೊಂಡು, ಇವತ್ತು ಕುದುರೆ ನೋಡ್ಕೊಂಡು ಬಂದೆ ಪುಟ್ಟಿ, ಬಿಸಿಲಿಗೆ ಹೆಂಗೆ ಹೊಳೀತಿದ್ವು ಗೊತ್ತಾ, ಐಸ್‌ಕ್ರೀಮ್ ತಿಂದೆ, ಪಾರಿವಾಳಕ್ಕೆ ಕಾಳು ಹಾಕ್ದೆ. ಮತ್ತೇನು ಹೇಳಬೇಕಿತ್ತು, ಮೂರನೇ ಮಹಡಿಯ ಅಡುಗೆಮನೆಯಲ್ಲಿ ಮಡಚುವ ಮಂಚ, ರಾತ್ರಿ ಮೂರು ಸಲ ಎದ್ದು ಎಪ್ಪತ್ತು ಕೆಜಿ ಅಜ್ಜಿಯನ್ನು ಮಗ್ಗುಲು ತಿರುಗಿಸುವುದು, ಬೆನ್ನು ಹಿಡಿದುಕೊಂಡರೆ ಟೀ ಟವಲು ಬಿಸಿ ಮಾಡಿ ಕಟ್ಟಿಕೊಳ್ಳುವುದು, ಇದನ್ನು ಒಂಬತ್ತು ವರ್ಷದ ಕೂಸಿಗೆ ಹೇಳಲೇ. ಮೊದಲ ಎರಡು ವರ್ಷ ಕಾಗದಪತ್ರವೂ ಇರಲಿಲ್ಲ, ರೈಲಿನಲ್ಲಿ ಹೋಗುವ ಪಕ್ಕದ ಊರು ಮೆಸ್ತ್ರೆಯ ಬಯಲಿನಲ್ಲಿ ನಮ್ಮೂರಿಗೆ ಹೊರಡುವ ಮಿನಿಬಸ್ಸುಗಳ ಹತ್ತಿರ ಭಾನುವಾರ ಸೇರುವ ನಮ್ಮ ಹೆಂಗಸರೆಲ್ಲ ಒಂದೇ ಬುದ್ಧಿ ಹೇಳುತ್ತಿದ್ದರು, ಸಮವಸ್ತ್ರ ಕಂಡ ಕಡೆ ಹೋಗಬೇಡ ಕಣೇ ತಾಯಿ, ಆ ಚೌಕದಲ್ಲಿ ಪಾರಿವಾಳಕ್ಕಿಂತ ಪೊಲೀಸರೇ ಜಾಸ್ತಿ.

ಆಮೇಲೆ ಆ ಫಲಕ ಬಂತು, ಒಂದೇ ಫಲಕ, ಎರಡು ಬಾಣ, ಒಂದು ಎಡಕ್ಕೆ, ಒಂದು ಬಲಕ್ಕೆ, ಚೌಕಕ್ಕೆ ಎರಡೂ ಕಡೆಯಿಂದ ಹೋಗಬಹುದಂತೆ, ಈಗಷ್ಟೇ ಹರಸಿದ ಹೊಟ್ಟೆಯನ್ನು ಈಗಲೇ ಶಪಿಸಬೇಕಾಯಿತು, ನಿಂತು ಓದಿದರೆ ಸಿಕ್ಕಿಬೀಳುತ್ತಾಳೆ, ಎಡಕ್ಕೆ ಜನವೋ ಜನ, ಬಲಕ್ಕೆ ಇಬ್ಬರು ಪೊಲೀಸರು ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದಾರೆ, ಈಗ ಜೇಬಿನಲ್ಲಿ ಒಳ್ಳೆಯ ಪಾಸ್‌ಪೋರ್ಟಿದೆ, ಹೆದರಿಕೆಗೆ ಕಾರಣವಿಲ್ಲ, ಆದರೆ ಕಾಲಿಗೆ ಯಾರು ಹೇಳುವುದು, ಕಾಲು ತಾನಾಗಿ ಯಾರೂ ಇಲ್ಲದ ಮೂರನೆಯ ಓಣಿಗೆ ತಿರುಗಿತು, ಒಣಗಲು ಹಾಕಿದ ಚಾದರಗಳ ಕೆಳಗೆ, ಬೆಕ್ಕು ಮಲಗಿದ ಹೊಸ್ತಿಲ ಪಕ್ಕ, ಮತ್ತೊಂದು ತಿರುವು, ಅದು ಮುಗಿದದ್ದು ಮೂರು ಪಾಚಿ ಮೆಟ್ಟಿಲಿಗೆ, ಮೆಟ್ಟಿಲು ಮುಗಿದದ್ದು ನೀರಿಗೆ. ಅಜ್ಜೀ, ದಾರಿ ನೀರೊಳಗೆ ಹೋಯ್ತು, ಎಂದಳು ಇಲಿಂಕಾ. ಈಜಬೇಕೇನೋ ಇಲ್ಲಿಂದ, ಎಂದ ಸಾವಾ, ಮೊದಲೇ ಹೇಳಿದ್ರೆ ಚಡ್ಡಿ ತರ್ತಿದ್ದೆ. ತೆಕ್ಲಾ ನೀರು ನೋಡುತ್ತ ನಿಂತಳು, ಬೆನ್ನ ಮೇಲೆ ಮಗಳ ಕಣ್ಣು ತಾಗುತ್ತಿದೆ. ಅಮ್ಮ, ಎಂದಳು ಡೊರಿನಾ ಮೆಲ್ಲಗೆ, ಆ ಗಂಟೆ ಹೊಡೆಯೋ ಇಬ್ರು ಇದಾರಲ್ಲ, ಒಬ್ಬ ಮುದುಕ ಒಬ್ಬ ಹುಡುಗ ಅಂತಿದ್ರಿ, ಮುದುಕ ಯಾವ ಕಡೆ ನಿಂತಿರೋದು, ಚಿಕ್ಕೋಳಿದ್ದಾಗ ಅವರ ಚಿತ್ರ ಬರೀವಾಗೆಲ್ಲ ಅದೊಂದು ಅನುಮಾನ ನಂಗೆ. ಕ್ಯಾಲೆಂಡರಿನಲ್ಲಿ ಅವರಿಬ್ಬರೂ ಉಗುರಿನಷ್ಟಿದ್ದರು, ಗಡ್ಡ ಯಾರಿಗೆ ಎಂದು ಕನ್ನಡಕ ಹಾಕಿದರೂ ಕಾಣುತ್ತಿರಲಿಲ್ಲ, ಎಡಕ್ಕೆ ಅನ್ಸುತ್ತೆ ಪುಟ್ಟಿ, ಎಂದಳು ತೆಕ್ಲಾ. ಅನ್ಸುತ್ತಾ, ಎಂದಳು ಮಗಳು, ಇದೇ ದನಿ, ಹದಿನೈದು ವರ್ಷದವಳಿದ್ದಾಗ ಫೋನಿನಲ್ಲಿ ಹೇಳಿದ್ದಳಲ್ಲ ಇದೇ ತಣ್ಣನೆ ದನಿಯಲ್ಲಿ, ನಿಂಗೆ ಅಲ್ಲೇ ಚೆನ್ನಾಗಿದೆ ಅಮ್ಮ, ಕುದುರೆ ಇದೆ, ಐಸ್‌ಕ್ರೀಮ್ ಇದೆ, ಇಲ್ಲೇನಿದೆ, ಅಲ್ಲೇ ಇರು, ಎಂದು ಫೋನನ್ನು ತನ್ನ ಅಜ್ಜಿಯ, ತೆಕ್ಲಾಳ ಅತ್ತೆಯ, ಕೈಗೆ ಕೊಟ್ಟು ಹೋಗಿದ್ದಳು, ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ತೆಕ್ಲಾ ನೂರು ಸುಳ್ಳು ಹೇಳಿ ಮಗಳನ್ನೇ ಕಳೆದುಕೊಂಡಳು, ಕೂಸು ಹೆದರದಿರಲಿ ಎಂದು ಹೇಳಿದ್ದು ಕೂಸಿನ ಹೊಟ್ಟೆಗೆ ಬೆಂಕಿಯಾಯಿತು. ಮತ್ತೆ ಅದೇ ಕಣ್ಣಮುಂದೆ ಬರುತ್ತದೆ, ಮಿನಿಬಸ್ಸಿನ ಕಿಟಕಿ, ಹೊರಗಿನಿಂದ ಒಂಬತ್ತು ವರ್ಷದ ಡೊರಿನಾ ಎರಡೂ ಅಂಗೈಯನ್ನು ಗಾಜಿಗೆ ಒತ್ತಿ ನಿಂತದ್ದು, ಅಳಲಿಲ್ಲ, ಸುಮ್ಮನೆ ಒತ್ತಿ ನಿಂತಳು, ಗಾಜನ್ನು ತಳ್ಳಿದರೆ ಬಸ್ಸು ನಿಂತೀತು ಎನ್ನುವ ಹಾಗೆ, ತೆಕ್ಲಾ ಒಳಗಿನಿಂದ ತನ್ನ ಅಂಗೈ ಒತ್ತಿದಳು, ಗಾಜು ತಣ್ಣಗಿತ್ತು, ಬಸ್ಸು ಹೊರಟಿತು, ಗಾಜಿನ ಧೂಳಿನಲ್ಲಿ ಹತ್ತು ಬೆರಳು ಉಳಿದವು, ಹಂಗೇರಿಯ ತನಕ ಉಳಿದವು, ಆಮೇಲೆ ಮಳೆ ಬಂತು.

ಬನ್ನಿ ಬನ್ನಿ, ಇನ್ನೊಂದು ದಾರಿ ಇದೆ, ಎಂದು ಹಿಂದಕ್ಕೆ ತಿರುಗಿ, ಗೊತ್ತಿಲ್ಲದ ಓಣಿ, ಗೊತ್ತಿಲ್ಲದ ಸೇತುವೆ, ದೇವರೇ, ದೇವರ ತಾಯಿಯೇ, ಎಂದು ಒಳಗೇ ಶಿಲುಬೆ ಹಾಕಿಕೊಳ್ಳುತ್ತ ನಡೆದರೆ ಓಣಿ ತಟ್ಟನೆ ಬಾಯಿ ಬಿಟ್ಟಿತು, ಅಗಲವಾದ ನೀರು, ಗಾಳಿ, ಎದುರಿಗೆ ಇಟ್ಟಿಗೆ ಗೋಡೆಯ ದ್ವೀಪ, ಗೋಡೆಯಾಚೆ ಕಪ್ಪು ಸೈಪ್ರೆಸ್ ಮರಗಳು — ಸ್ಮಶಾನದ ದ್ವೀಪ, ಅಯ್ಯೋ ಇದು ನನ್ನ ಜಾಗ, ಇದು ನಂಗೊತ್ತು, ಎಂದು ಜೋರಾಗಿಯೇ ಅಂದುಬಿಟ್ಟಳು, ಕಾಲಿಗೆ ಶಕ್ತಿ ಬಂತು, ಬನ್ನಿ, ದೋಣಿ ಇಲ್ಲೇ ಸಿಗುತ್ತೆ, ಮೊದಲು ಅಜ್ಜಿ ಮನೆ ತೋರ್ಸ್ತೀನಿ, ಚೌಕ ಎಲ್ಲಿಗೂ ಓಡಿಹೋಗಲ್ಲ. ದೋಣಿಯಲ್ಲಿ ಹೊರಗಿನ ಬೆಂಚು ಸಿಕ್ಕಿತು, ಇಲಿಂಕಾ ಅವಳ ತೊಡೆಯ ಮೇಲೆ, ಡೊರಿನಾ ಕೇಳುತ್ತಾಳೆ, ನೀವು ಯಾವಾಗ್ಲೂ ಹೀಗೆ ಊರಿನ ಬೆನ್ನ ಹಿಂದಿನಿಂದ್ಲೇ ಓಡಾಡ್ತಿದ್ರಾ, ಹತ್ತಿರ ಅಂತ, ಎಂದಳು ತೆಕ್ಲಾ, ಆ ಆಸ್ಪತ್ರೆ ನೋಡು, ನೀರಿನ ಆಂಬುಲೆನ್ಸು, ಅಗೋ. ದ್ವೀಪದ ಗೋಡೆ ಮೆಲ್ಲಗೆ ಸರಿಯಿತು, ಅಲ್ಲಿದ್ದಾಳೆ ಓರ್ಸೊಲಾ, ಸಾಯುವಾಗ ತೊಂಬತ್ತೇಳು, ಬಾಯಿ ಕೊಡಲಿ, ಮನಸ್ಸು ಬೆಣ್ಣೆ, ಹುಡುಗಿಯಾಗಿದ್ದಾಗ ಹೊಸ್ತಿಲ ಮೇಲೆ ಕೂತು ಗಾಜಿನ ಮಣಿ ಪೋಣಿಸುತ್ತಿದ್ದವಳು, ಬೆರಳು ಸೊಟ್ಟಗಾದ ಮೇಲೂ ಚಾದರದ ಅಂಚಿನಲ್ಲಿ ಇಲ್ಲದ ಮಣಿ ಪೋಣಿಸುತ್ತಿದ್ದಳು, ಮೊದಲ ದಿನ ತೆಕ್ಲಾ ಮೆಕ್ಕೆಜೋಳದ ಮುದ್ದೆ ತಿರುವಿ ಮರದ ಹಲಗೆಯ ಮೇಲೆ ಬೋರಲು ಹಾಕಿ ದಾರದಿಂದ ಕೊಯ್ದಾಗ ಮುದುಕಿ ಕಣ್ಣು ಕಿರಿದು ಮಾಡಿ, ಎಲ್ಲಿಂದ ಬಂದವಳೇ ನೀನು, ಇದು ನಮ್ಮಮ್ಮ ಮಾಡೋ ಮುದ್ದೆ, ಎಂದಿದ್ದಳು, ನಮ್ಮೂರಿನದೂ ಇದೇ, ಅಂದಿದ್ದಳು ತೆಕ್ಲಾ, ಅವತ್ತಿನಿಂದ ಕೂಲಿಯವಳು ಒಡತಿ ಎನ್ನುವುದು ತೆಳುವಾಗುತ್ತ ಹೋಯಿತು. ಕಾಗದಪತ್ರ ಮಾಡಿಸಿದ್ದೂ ಅವಳೇ, ಸಹಿಗೆ ಕಚೇರಿಗೇ ಬರಬೇಕು ಎಂದರು, ತೊಂಬತ್ತರ ಮುದುಕಿ, ನಾಲ್ಕು ಜನ ಕುರ್ಚಿಯ ಸಮೇತ ಹೊತ್ತು ಮೂರು ಮಹಡಿ ಇಳಿಸಿ ಐದು ಸೇತುವೆ ದಾಟಿಸಿದರು, ದಾರಿಯುದ್ದಕ್ಕೂ ನನ್ನನ್ನು ಹೆಣ ಮಾಡಬೇಡ್ರೋ ಎಂದು ಬೈಯುತ್ತ ಹೋದಳು, ಸಹಿ ಹಾಕಿ ತೆಕ್ಲಾಳ ಕೆನ್ನೆ ಹಿಂಡಿದಳು, ಆ ಹಿಂಡಿದ ಜಾಗ ಈಗಲೂ ಬೆಚ್ಚಗಿದೆ. ಯಾರ್ಯಾರಿಗೆ ಕೈ ಮುಗಿಯಲಿ, ಹಳ್ಳಿಯಲ್ಲಿ ಅತ್ತೆ ಇದ್ದಳು, ಈಗಿಲ್ಲ, ಕೂಸಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟಳು, ಸಾವಾ ಇದ್ದ, ದ್ರಾಕ್ಷಿ ಬಳ್ಳಿ ಕಟ್ಟುವ ಒರಟು ಕೈಯಲ್ಲಿ ಮಗಳಿಗೆ ಜಡೆ ಹಾಕುವುದನ್ನು ಕಲಿತ, ಮೊದಲೆಲ್ಲ ಜಡೆ ಬಳ್ಳಿ ಕಟ್ಟಿದ ಹಾಗೇ ಇರುತ್ತಿತ್ತಂತೆ, ಶಾಲೆಯಲ್ಲಿ ನಗುತ್ತಿದ್ದರಂತೆ, ಈ ಮನುಷ್ಯನಿಗೆ ತಾನು ಒಂದು ಸಲವೂ ನೆಟ್ಟಗೆ ಉಪಕಾರ ಎಂದಿಲ್ಲ, ಈಗ ನೋಡಿದರೆ ಅವನು ದೋಣಿಯ ಚಾಲಕನಿಗೆ ಸನ್ನೆಯಲ್ಲೇ ವೈನು ಬೇಕಾ ಎಂದು ಕೇಳುತ್ತಿದ್ದಾನೆ.

ಇಳಿದರು, ಇಲ್ಲಿ ಪ್ರತಿ ಕಲ್ಲೂ ಅವಳದು, ಈ ಮೂಲೆಯಲ್ಲಿ ಜಾರುತ್ತೆ ಹುಷಾರು, ಈ ಮನೆಯವನು ನಾಯಿ ಬಿಡ್ತಾನೆ, ಈ ಬಾವಿಕಟ್ಟೆಯ ಮೇಲೆ ಚೀಲ ಇಟ್ಟು ಉಸಿರು ತಗೋತಿದ್ದೆ, ಬಾಯಿ ನಿಲ್ಲುತ್ತಿಲ್ಲ, ಅಗೋ ಆ ಮೂರನೇ ಮಹಡಿ, ಹಸಿರು ಬಾಗಿಲಿನ ಕಿಟಕಿ, ಅದೇ ಅಡುಗೆಮನೆ, ಅಲ್ಲಿಂದಲೇ ಫೋನು ಹೊರಗೆ ಹಿಡಿದು ಗಂಟೆ ಸದ್ದು ಕೇಳಿಸ್ತಿದ್ದೆ ನಿಂಗೆ, ಅದಂತೂ ನಿಜವಾದ ಗಂಟೆ — ಅದಂತೂ ಎಂದದ್ದು ಯಾಕೆ ಬಾಯಿಂದ ಬಂತು, ಡೊರಿನಾ ಕಿಟಕಿ ನೋಡುತ್ತಿದ್ದಾಳೆ, ತುಂಬ ಹೊತ್ತು ನೋಡುತ್ತಿದ್ದಾಳೆ, ಇಷ್ಟು ಚಿಕ್ಕದಾ, ಎಂದಳು. ಬೀದಿಯ ಕೊನೆಯಲ್ಲಿ ಕಾಲುವೆಗೆ ಕಟ್ಟಿದ ತರಕಾರಿ ದೋಣಿ ಹಾಗೇ ಇತ್ತು, ಬದನೆ, ಟೊಮೇಟೊ, ನೀರಿನ ಬಕೆಟ್ಟಿನಲ್ಲಿ ಸಿಪ್ಪೆ ತೆಗೆದಿಟ್ಟ ಆರ್ಟಿಚೋಕ್ ಮೊಗ್ಗು, ದೋಣಿಯ ಮೇಲೆ ಅದೇ ತರಕಾರಿಯವನು ಅಲ್ವಿಸೆ, ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ತಕ್ಕಡಿ ಬಿಟ್ಟು ಎರಡೂ ಕೈ ಎತ್ತಿದ, ತೆಕ್ಲಾ! ಸತ್ತೋಗಿದೀಯ ಅಂದ್ಕೊಂಡಿದ್ನಲ್ಲೇ! ಅವಳು ಉತ್ತರ ಕೊಟ್ಟಳು, ನಾನು ಸಾಯೋದಿದ್ರೆ ನಿನ್ನ ಕೊಳೆತ ಟೊಮೇಟೊ ತಿಂದೇ ಯಾವಾಗ್ಲೋ ಸಾಯ್ತಿದ್ದೆ, ಎಂದು, ಓರ್ಸೊಲಾಳ ಮಾತಿನಲ್ಲಿ, ಈ ಕೇರಿಯ ಮುದುಕಿಯರು ಮಾತ್ರ ಆಡುವ ಮಾತಿನಲ್ಲಿ, ಅಕ್ಕಪಕ್ಕದ ಗಿರಾಕಿಗಳು ತಿರುಗಿ ನೋಡಿ ನಕ್ಕರು, ನಮ್ಮಜ್ಜಿ ಎದ್ದು ಬಂದಂಗಾಯ್ತು ಎಂದಳು ಒಬ್ಬಳು, ತೆಕ್ಲಾಗೆ ಎದೆ ತುಂಬಿತು, ಊರನ್ನು ನೋಡದಿದ್ದರೇನು, ಊರಿನ ಬಾಯಲ್ಲಿ ತಾನಿದ್ದೇನೆ, ಸಾವಾ ಆಗಲೇ ಬಾಟಲಿ ತೆಗೆದು ಅಲ್ವಿಸೆಯ ಕಾಫಿ ಲೋಟಕ್ಕೆ ವೈನು ಸುರಿದ, ಇದು ನನ್ನ ಮಗಳು, ಇದು ಮೊಮ್ಮಗಳು, ಚೌಕ ನೋಡಕ್ಕೆ ಬಂದಿದೀವಿ, ಎಂದಳು. ಹೇಳಬಾರದಿತ್ತು. ಅಲ್ವಿಸೆ ಹಣೆ ಚಚ್ಚಿಕೊಂಡ, ಅಂತೂ ಇಂತೂ! ಕೇಳಮ್ಮಾ ಹುಡುಗಿ, ನಿಮ್ಮಮ್ಮಂಗೆ ಒಂಬತ್ತು ವರ್ಷ ಹೇಳ್ದೆ, ಇಲ್ಲಿಂದ ಇಪ್ಪತ್ತು ನಿಮಿಷ ಕಣೇ, ಹೋಗಿ ನೋಡ್ಕೊಂಡು ಬಾ ಅಂತ, ಅಜ್ಜಿ ಹದಿನೈದು ನಿಮಿಷಕ್ಕೆ ಎದ್ದುಬಿಡ್ತಾಳೆ ಅನ್ನೋಳು. ಡೊರಿನಾಗೆ ಇಟಾಲಿಯನ್ ಬರುತ್ತದೆ, ಹುಡುಗಿಯಾಗಿದ್ದಾಗ ಟೀವಿ ಧಾರಾವಾಹಿ ನೋಡಿ ನೋಡಿ ಕಲಿತಳು, ಯಾಕೆ ಕಲೀತಿದೀಯ ಎಂದು ಯಾರೂ ಕೇಳಿರಲಿಲ್ಲ. ಯಾವತ್ತೂ ನೋಡಿಲ್ವಾ, ಎಂದು ಕೇಳಿದಳು, ಅಲ್ವಿಸೆಯನ್ನು, ಅಮ್ಮನನ್ನಲ್ಲ. ಎಲ್ಲಿ ನೋಡ್ತಾಳೆ, ಗುರುವಾರ ರಜೆ, ಅವತ್ತು ಪಕ್ಕದ ಕಟ್ಟಡದ ಮೆಟ್ಟಿಲು ಉಜ್ಜೋಳು, ಭಾನುವಾರ ಊರಿಗೆ ಗಂಟು ಕಳ್ಸೋಕೆ ಮೆಸ್ತ್ರೆಗೆ ಓಡೋಳು, ಒಂದಿನ ಮುದುಕಿ ಕಿಟಕೀಲಿ ಕೂಗಿ ಕೂಗಿ, ಅಲ್ವಿಸೆ, ಇವಳ್ನ ಎತ್ಕೊಂಡೋಗಿ ಚೌಕದಲ್ಲಿ ಬಿಸಾಕಿ ಬಾರೋ, ನಾನು ಒಂದು ಗಂಟೇಲಿ ಸಾಯಲ್ಲ ಅಂದ್ಲು, ದೋಣಿ ಬಿಚ್ಚೇಬಿಟ್ಟಿದ್ದೆ, ಇವಳು ಬೇಡ ಅಂದ್ಲು, ನನ್ನ ಮಗಳು ಬರ್ಲಿ, ಇಬ್ರೂ ಜೊತೆಗೆ ನೋಡ್ತೀವಿ ಅಂದ್ಲು, ಮಗಳು ಅಂದ್ರೆ ನೀನೇನಾ? ಡೊರಿನಾ ತಲೆಯಾಡಿಸಿದಳು, ತಕ್ಕಡಿಯಲ್ಲಿದ್ದ ಬದನೆಯನ್ನು ಸುಮ್ಮನೆ ಎತ್ತಿ ಬುಟ್ಟಿಗಿಟ್ಟಳು, ತೆಕ್ಲಾಳ ಕಣ್ಣಮುಂದೆ ಮತ್ತೆ ಗಾಜು, ಧೂಳು, ಹತ್ತು ಬೆರಳು.

ನೀರಿನ ದಂಡೆಯ ಅಗಲ ರಸ್ತೆ, ಬಿಸಿಲು, ದೂರದಲ್ಲಿ ಗಂಟೆಗೋಪುರ ಒಂದೇ ಒಂದು ಕೆಂಪು ಬೆರಳೆತ್ತಿ ನಿಂತಿದೆ, ಡೊರಿನಾ ಮುಂದೆ ಮುಂದೆ ನಡೆಯುತ್ತಾಳೆ, ತಿರುಗಿ ನೋಡುತ್ತಿಲ್ಲ, ಬೆನ್ನು ಮಾತ್ರ ಕಾಣುತ್ತದೆ, ಬೆನ್ನಿನಿಂದ ಏನು ಓದಲಿ, ಸಿಟ್ಟೋ ಅಳುವೋ, ಮಗಳಿಂದ ಆಗಲೇ ವಿಷಯ ತಿಳಿದುಕೊಂಡ ಸಾವಾ ಪಕ್ಕದಲ್ಲಿ ಬಂದು, ಅಲ್ವೇ ತೆಕ್ಲಾ, ಇಡೀ ಊರನ್ನೇ ದೊಡ್ಡ ಕೋಣೆ ಮಾಡ್ಬಿಟ್ಟಿದೀಯಲ್ಲೇ, ಎಲ್ಲಾ ನಮ್ಮವ್ವ ಕಲಿಸಿದ ಬುದ್ಧಿ, ಎಂದು ಕಿಸಕ್ಕನೆ ನಕ್ಕ, ಅವನಿಗೇನು, ನಗುತ್ತಾನೆ, ಆದರೆ ಅಂದದ್ದು ಸರಿಯಾಗಿಯೇ ಅಂದ, ನಮ್ಮ ಹಳ್ಳಿಯಲ್ಲಿ ಪ್ರತಿ ಮನೆಯಲ್ಲೂ ಒಂದು ದೊಡ್ಡ ಕೋಣೆ, ಗೋಡೆ ತುಂಬ ಕೈನೇಯ್ಗೆಯ ಕಂಬಳಿ, ಚಾವಣಿ ಮುಟ್ಟುವಷ್ಟು ದಿಂಬು, ಒಳ್ಳೆಯ ಗಾಜಿನ ಲೋಟಗಳು, ಅದಕ್ಕೆ ಬೀಗ, ಮನೆಯವರು ಹೊರಗಿನ ಬೇಸಿಗೆ ಅಡುಗೆಮನೆಯಲ್ಲೇ ಉಂಡು ಅಲ್ಲೇ ಮಲಗಿ ಅಲ್ಲೇ ಮುದುಕರಾಗುತ್ತಾರೆ, ದೊಡ್ಡ ಕೋಣೆ ನೆಂಟರಿಗೆ, ಮದುವೆಗೆ, ಹಬ್ಬಕ್ಕೆ, ಮಗಳು ಬಂದ ದಿನಕ್ಕೆ, ಒಬ್ಬಳೇ ಅಲ್ಲಿ ಹೋಗಿ ಕೂತು ತಿಂದರೆ ಗಂಟಲಲ್ಲಿ ಇಳಿಯುತ್ತದೆಯೇ, ಒಂದು ಗುರುವಾರ ಚೌಕ ನೋಡಲೆಂದು ಹೊರಟಿದ್ದಳು, ಕಾಗದ ಕೈಗೆ ಬಂದ ಮೇಲೆ, ಇದೇ ದಂಡೆಯಲ್ಲಿ, ಕೊನೆಯ ಸೇತುವೆಯ ತನಕ, ಅಲ್ಲಿ ಒಬ್ಬ ತಾಯಿ ಮಗಳ ಷೂ ಲೇಸು ಕಟ್ಟುತ್ತಿದ್ದಳು, ಅಷ್ಟೇ, ಲೇಸು ಕಟ್ಟುತ್ತಿದ್ದಳು, ತೆಕ್ಲಾ ಅಲ್ಲಿಂದಲೇ ತಿರುಗಿ ಬಂದಳು. ಈಗ ಅದೇ ಸೇತುವೆ, ಡೊರಿನಾ ಮೇಲೆ ಹತ್ತಿ ನಿಂತುಬಿಟ್ಟಳು, ತಿರುಗಿದಳು, ಮುಖ ಒದ್ದೆ, ಕೋಪದಲ್ಲಿ ಕೆಂಪಗಿದೆ, ಕ್ಯಾಲೆಂಡರಾ, ಎಂದಳು, ಅಡುಗೆಮನೇಲಿ ಒಂದು ಕ್ಯಾಲೆಂಡರ್ ಇದೆ ಪುಟ್ಟಿ, ತುಂಬ ಚೆನ್ನಾಗಿದೆ ಅಂತಿದ್ರಿ ಮೊದಮೊದಲು, ಅದನ್ನ ನೋಡ್ಕೊಂಡಾ ಅಷ್ಟೆಲ್ಲ ಹೇಳಿದ್ದು, ಅದನ್ನ ನೋಡ್ಕೊಂಡು ಕಣವ್ವ, ಎಂದಳು ತೆಕ್ಲಾ, ಒಂಬತ್ತು ವರ್ಷ, ಎಂದಳು ಡೊರಿನಾ, ಒಂಬತ್ತು ವರ್ಷ ನಾನು ಒಂದು ಕ್ಯಾಲೆಂಡರಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದೀನಿ, ಹಾಸಿಗೇಲಿ ಮುಖ ಮುಚ್ಕೊಂಡು ಆ ಹಾಳು ಕುದುರೆಗಳಿಗೆ ಶಾಪ ಹಾಕಿದೀನಿ, ನಮ್ಮಮ್ಮನ್ನ ಕಿತ್ಕೊಂಡ್ವು ಅಂತ, ನಿಜ ಹೇಳೋಕೇನಾಗಿತ್ತು. ನಿಜ ಹೇಳಿದ್ರೆ ನೀನು ನಿದ್ದೆ ಮಾಡ್ತಿರ್ಲಿಲ್ಲ ಪುಟ್ಟಿ. ನಿಜ ಹೇಳಿದ್ರೆ ನಾನು ನಿನ್ನ ಕಾಯ್ತಿದ್ದೆ ಅಮ್ಮ, ನೀನು ಸುಳ್ಳು ಹೇಳ್ದೆ, ನಾನು ಕಾಯೋದನ್ನೇ ಬಿಟ್ಟೆ. ತಪ್ಪಾಯ್ತು, ಎಂದಳು ತೆಕ್ಲಾ, ಹೊಟ್ಟೆಗೆ ಹಾಕ್ಕೊ, ಜನ ಅವರಿಬ್ಬರ ಎರಡೂ ಪಕ್ಕದಿಂದ ಹರಿದು ಹೋಗುತ್ತಿದ್ದರು, ಯಾರೋ ಫೋಟೊ ತೆಗೆಯಲು ಸ್ವಲ್ಪ ಸರೀತೀರಾ ಎಂದರು, ಸಾವಾ ಅವರಿಗೆ ನಮ್ಮ ಭಾಷೆಯಲ್ಲೇ, ಇರ್ರೀ ಸ್ವಾಮಿ, ಇಲ್ಲೊಂದು ಮನೆ ಕೆಲಸ ನಡೀತಿದೆ, ಎಂದ, ಅದಕ್ಕೆ ಡೊರಿನಾ ಅಳುತ್ತಲೇ ನಕ್ಕುಬಿಟ್ಟಳು, ಮೂಗು ಒರೆಸಿಕೊಂಡಳು.

ಬಾ ಇಲ್ಲಿ, ಕಣ್ಣು ಮುಚ್ಚು, ಎಂದಳು ಡೊರಿನಾ, ಯಾಕೇ, ಮುಚ್ಚು ಅಂದ್ನಲ್ಲ, ಬೇಡ ಬೇಡ, ನಿನ್ನ ನಂಬಕ್ಕಾಗಲ್ಲ, ನೀನು ಕದ್ದು ನೋಡ್ತೀಯ, ಎಂದು ಬೆನ್ನ ಹಿಂದೆ ಬಂದು ನಿಂತಳು, ಎರಡು ಅಂಗೈ ಬಂದು ತೆಕ್ಲಾಳ ಕಣ್ಣಿನ ಮೇಲೆ ಕೂತವು, ನಡಿ, ನಾನು ಹಿಡ್ಕೊಂಡಿದೀನಿ, ಮೆಟ್ಟಿಲು, ಒಂದು, ಇನ್ನೊಂದು, ಈಗ ಸಮ ಇದೆ, ನಡಿ, ಕಾಲು ನಡೆಯುತ್ತಿದೆ, ಕಾಲ ಕೆಳಗೆ ಕಲ್ಲು ನುಣ್ಣಗಾಯಿತು, ಸದ್ದು ದೊಡ್ಡದಾಯಿತು, ರೆಕ್ಕೆ ಬಡಿದ ಸದ್ದು, ಎಲ್ಲೋ ಪಿಟೀಲು, ಅಯ್ಯಪ್ಪಾ ಎಂದು ಸಾವಾ ಉಸಿರೆಳೆದುಕೊಂಡದ್ದು, ಅವನು ಯಾವುದಕ್ಕೂ ಬೆರಗಾಗುವವನಲ್ಲ, ಅಜ್ಜೀ ಕುದುರೆ, ಅಜ್ಜೀ ಗಡ್ಡದವನು ಅಲ್ಲಿದಾನೆ, ಎಂದು ಇಲಿಂಕಾ ಕುಣಿಯುತ್ತಿದ್ದಾಳೆ, ಬಿಸಿಲು ಬೆರಳ ಸಂದಿಯಿಂದ ಕೆಂಪಗೆ ಬರುತ್ತದೆ, ಅದರಾಚೆ ಎಲ್ಲ ಇದೆ, ಚಿನ್ನ ಇದೆ, ಒಂಬತ್ತು ವರ್ಷ ಬೀಗ ಹಾಕಿಟ್ಟದ್ದೆಲ್ಲ ಇದೆ, ತೆಗೀಲಾ ಅಮ್ಮ, ಎಂದು ಕಿವಿಯ ಹತ್ತಿರ ಡೊರಿನಾ, ತೆಗೀಬೇಡ, ಎಂದಳು ತೆಕ್ಲಾ, ಇನ್ನೊಂದು ಚೂರು ಇರು, ಎಂದು ತನ್ನ ಕೈ ಎತ್ತಿ ಆ ಕೈಗಳನ್ನು ಕಣ್ಣಿಗೆ ಇನ್ನಷ್ಟು ಒತ್ತಿಕೊಂಡಳು, ಆಸ್ಪತ್ರೆಯ ಸೋಪಿನ ವಾಸನೆ, ಬದನೆಯ ವಾಸನೆ, ಉಪ್ಪು, ಬಿಸಿ ಇದೆ, ಎಷ್ಟು ಬಿಸಿ ಇದೆ, ದೇವರೇ ನಿನ್ನ ಉಪಕಾರ ಹೇಗೆ ತೀರಿಸಲಿ, ಎರಡು ಅಂಗೈ, ಹತ್ತು ಬೆರಳು, ದೊಡ್ಡವಾಗಿವೆ, ಅವೇ, ಹತ್ತೂ ಅವೇ — ಎರಡು ಅಂಗೈ, ನಡುವೆ ಗಾಜಿಲ್ಲ, ನಡುವೆ ಗಾಜಿಲ್ಲ